ಗಾಳಿ ಬೇರೆ, ತಂಪು ಬೇರೆ



ಹಿಂದೆ ಬಾಡಿಗೆಗೆ ಮನೆ ನೋಡಲು ಹೋದವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಗಾಳಿ ಬೆಳಕು ಹೇಗಿದೆ?’ ಮಗಳನ್ನು ಕೊಡಲು ಹೋದ ಹಿರಿಯರೂ ಬೀಗರ ಪಡಸಾಲೆಯಲ್ಲಿ ಕುಳಿತು, ಚಹಾ ಬರುವಷ್ಟರಲ್ಲಿ, ಒಮ್ಮೆ ಕತ್ತೆತ್ತಿ ಬೆಳಕಿಂಡಿಯನ್ನು ನೋಡಿಬಿಡುತ್ತಿದ್ದರು. ನೀರಿನ ಅನುಕೂಲ, ನೆರೆಹೊರೆಯವರ ಸ್ವಭಾವ, ಬಾಡಿಗೆಯ ಮೊತ್ತ ಇವೆಲ್ಲ ಆಮೇಲಿನ ಮಾತು. ಈಗ ಆ ಜೋಡಿಪದ ನಮ್ಮ ಬಾಯಿಂದ ಮೆಲ್ಲನೆ ಜಾರುತ್ತಿದೆ. ‘ಎಷ್ಟು ಕೋಣೆಗಳಿಗೆ ಎ.ಸಿ. ಪಾಯಿಂಟ್ ಕೊಟ್ಟಿದ್ದಾರೆ?’ ಎಂಬುದು ಅದರ ಜಾಗಕ್ಕೆ ಬಂದು ಕುಳಿತಿದೆ. ಕಾಲ ಬದಲಾದಾಗ ಪ್ರಶ್ನೆಯೂ ಬದಲಾಗುವುದು ಸಹಜ. ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಕ್ಕಂತೆ ಎಂದು ಬಹಳ ಜನ ತಿಳಿದಿದ್ದಾರಲ್ಲ, ನನ್ನ ತಕರಾರು ಅದರ ಬಗ್ಗೆ.

ಗೋಡೆಯ ಮೇಲೆ ಕುಳಿತಿರುವ ಸ್ಪ್ಲಿಟ್ ಎ.ಸಿ.ಯನ್ನು ಗಮನಿಸಿ. ಅದರ ಒಂದು ಭಾಗ ಒಳಗೆ, ಇನ್ನೊಂದು ಭಾಗ ಹೊರಗೆ. ಇವೆರಡರ ನಡುವೆ ಓಡಾಡುವುದು ತಾಮ್ರದ ಕೊಳವೆಯೊಳಗಿನ ಶೀತಕ ಮಾತ್ರ. ಗಾಳಿ ಓಡಾಡುವುದಿಲ್ಲ. ಒಳಗಿನ ಭಾಗವು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ತಣ್ಣಗಾಗಿಸಿ, ಅದೇ ಕೋಣೆಗೆ ಮರಳಿಸುತ್ತದೆ. ರಾತ್ರಿ ಹತ್ತಕ್ಕೆ ನೀವು ಉಸಿರಾಡಿ ಬಿಟ್ಟದ್ದು ಬೆಳಗಿನ ನಾಲ್ಕಕ್ಕೂ ತಣ್ಣಗೆ ನಿಮ್ಮ ಸುತ್ತಲೇ ಸುಳಿಯುತ್ತಿರುತ್ತದೆ. ಯಂತ್ರವನ್ನು ದೂರಿ ಫಲವಿಲ್ಲ, ಅದಕ್ಕೆ ಒಪ್ಪಿಸಿದ ಕೆಲಸವೇ ಅಷ್ಟು. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಇದರ ಮೂಲರೂಪವನ್ನು ರಚಿಸಿದ್ದು ಬ್ರೂಕ್ಲಿನ್‌ನ ಮುದ್ರಣಾಲಯವೊಂದರ ಕಾಗದಕ್ಕಾಗಿ. ಹವೆಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂಡುತ್ತಿರಲಿಲ್ಲ. ಕಾಗದಕ್ಕೆ ಒಣಹವೆಯೂ ತಂಪೂ ಇದ್ದರೆ ಸಾಕು. ಅದಕ್ಕೆ ಉಸಿರಾಡುವ ಗೊಡವೆ ಇಲ್ಲ.

ಇಷ್ಟು ಹೇಳಿದ ಕೂಡಲೇ ನಿಮ್ಮಲ್ಲಿ ಕೆಲವರು, ‘ಸರ್ ಈಗ ಹಳೆಯ ಕಾಲದ ಮಣ್ಣಿನ ಮನೆಯ ಗುಣಗಾನ ಶುರು ಮಾಡುತ್ತಾರೆ’ ಎಂದು ನಗುತ್ತಿರಬಹುದು. ಮಾಡುತ್ತೇನೆ, ಅರ್ಧದಷ್ಟು. ಉಳಿದರ್ಧವನ್ನೂ ಹೇಳದೆ ಬಿಡುವುದಿಲ್ಲ.

ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ವಿವರಣೆ ಬೇಕಿಲ್ಲ. ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಬೆಳೆದ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ. ಒಂದೂವರೆ, ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ತೊಲೆ ಜಂತಿಗಳ ಮೇಲೆ ಹಲಗೆ, ಅದರ ಮೇಲೆ ಗಟ್ಟಿಯಾಗಿ ಬಡಿದು ಕೂಡಿಸಿದ ಮಣ್ಣಿನ ಮಾಳಿಗೆ. ನೆಲಕ್ಕೆ ಶಹಾಬಾದಿನ ಫರಸಿ. ಬೀದಿಯ ಕಡೆಗೆ ಕಿಟಕಿಗಳು ಸಣ್ಣವು, ಕಡಿಮೆ. ಮಾಳಿಗೆಯ ನಡುವೆ ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಉರಿಯುತ್ತಿದ್ದರೂ ಒಳಗೆ ಫರಸಿಯ ಮೇಲೆ ಬರಿಮೈಯಲ್ಲಿ ಮಲಗಿದವನಿಗೆ ನಿದ್ದೆ ಹತ್ತುತ್ತಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಅಷ್ಟು ದಪ್ಪದ ಮಣ್ಣನ್ನು ದಾಟಿ ಒಳಮೈಯನ್ನು ಮುಟ್ಟಲು ಬಿಸಿಲಿಗೆ ಹೆಚ್ಚುಕಡಿಮೆ ಅರ್ಧ ದಿನ ಬೇಕು. ನಡುಹಗಲಿನ ಝಳ ಒಳಗೆ ಕಾಲಿಡುವ ಹೊತ್ತಿಗೆ ನಡುರಾತ್ರಿ ಆಗಿರುತ್ತಿತ್ತು. ಆ ವೇಳೆಗೆ ಮನೆಮಂದಿಯೆಲ್ಲ ಚಾಪೆ, ಕೌದಿ ಹಿಡಿದು ಮಾಳಿಗೆಯ ಮೇಲೆ ಹೋಗಿ ಮಲಗಿರುತ್ತಿದ್ದರು! ಬಿಸಿ ಕೆಳಗೆ ಇಳಿದಾಗ ಜನ ಮೇಲೆ, ಬಿಸಿ ಮೇಲಿದ್ದಾಗ ಜನ ಕೆಳಗೆ. ಕಾದ ಗಾಳಿ ಹಗುರಾಗಿ ಮೇಲೇರಿ ಬೆಳಕಿಂಡಿಯಿಂದ ಹೊರಬೀಳುತ್ತಿತ್ತು. ಅದರ ಜಾಗಕ್ಕೆ ಹಿತ್ತಿಲ ಬಾಗಿಲಿನಿಂದ ಹೊಸ ಗಾಳಿ ಬರುತ್ತಿತ್ತು. ಏಳನೆಯ ತರಗತಿಯ ಪುಸ್ತಕದಲ್ಲಿ ‘ಸಂವಹನ’ ಎಂದು ನಿಮಗೆ ಕಲಿಸಿದ್ದು ಇದನ್ನೇ.

ಉಳಿದರ್ಧ ಅಡುಗೆಮನೆಯದು. ಪಡಸಾಲೆಯ ತಂಪನ್ನು ಹೊಗಳುವವರು ಬಹುಮಟ್ಟಿಗೆ ಪಡಸಾಲೆಯಲ್ಲಿ ಕುಳಿತವರು, ಅಂದರೆ ಗಂಡಸರು. ಅದೇ ಮನೆಯ ಹಿಂದಿನ ಮೂಲೆಯಲ್ಲಿ ನಮ್ಮ ಅವ್ವ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಒಟ್ಟಿ ದಿನಕ್ಕೆ ಐದಾರು ತಾಸು ರೊಟ್ಟಿ ಬಡಿಯುತ್ತಿದ್ದಳು. ಆ ಗೋಡೆಗೆ ಒಂದು ಮೊಳದ ಕಿಂಡಿಯೂ ಇರಲಿಲ್ಲ. ಜಂತಿಯಿಂದ ಮಸಿ ಇಳಿಬೀಳುತ್ತಿತ್ತು. ಅವ್ವನ ಕಣ್ಣು ಸದಾ ಕೆಂಪು, ಐವತ್ತು ದಾಟುವ ಮೊದಲೇ ಬಿಡದ ಕೆಮ್ಮು. ಬೀಡಿಯನ್ನು ಮುಟ್ಟದ ಹೆಂಗಸಿಗೆ ಬೀಡಿ ಸೇದುವವರ ರೋಗ ಬಂದದ್ದೇಕೆ ಎಂದು ಆಗ ಯಾರೂ ಕೇಳಲಿಲ್ಲ. ‘ವಯಸ್ಸಾಯಿತು’ ಎಂದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನಮ್ಮ ಮುಂದಿದೆ: ಮನೆಯೊಳಗಿನ ಒಲೆಯ ಹೊಗೆಯಿಂದ 2020ರ ಒಂದೇ ವರ್ಷ ಲೋಕದಲ್ಲಿ ಸತ್ತವರು ಅಂದಾಜು 32 ಲಕ್ಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡವು ಎಂಬತ್ತರ ದಶಕದ ಆರಂಭದಲ್ಲಿ ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ತಂದಿತು. ಒಂದೇ ಉರಿಗೆ ಮೂರು ಪಾತ್ರೆ, ಹೊಗೆಯೆಲ್ಲ ಮಾಳಿಗೆಯಾಚೆ. ಕಟ್ಟಿಗೆಯೂ ಉಳಿಯುತ್ತಿತ್ತು. ನಮ್ಮ ಅವ್ವನ ಪಾಲಿಗೆ ಅದು ಬರಲಿಲ್ಲ.

ಆದ್ದರಿಂದ ಹಳೆಯ ಮನೆಗೆ ಮರಳಿರೆಂದು ನಾನು ಯಾರಿಗೂ ಹೇಳಲಾರೆ. ಆ ಮನೆಗೆ ತಂಪು ಗೊತ್ತಿತ್ತು, ಅಡುಗೆಮನೆಯ ಗಾಳಿ ಗೊತ್ತಿರಲಿಲ್ಲ. ಹೊಸ ಮನೆಯಲ್ಲಿ ಹೊಗೆ ಹೋಯಿತು, ಸೊಸೆಯಂದಿರ ಕಣ್ಣು ಉಳಿಯಿತು. ಆದರೆ ಆ ಮನೆ ಕಾದ ಬಾಣಲೆಯಾಗಿದೆ. ಬಾಣಲೆಯನ್ನು ತಣಿಸಲು ಯಂತ್ರ ತಂದು, ಯಂತ್ರದ ತಂಪು ಸೋರದಿರಲೆಂದು ಬಾಗಿಲು ಕಿಟಕಿ ಜಡಿದು, ಗಾಳಿಯನ್ನು ಮತ್ತೆ ಕಳೆದುಕೊಳ್ಳುತ್ತಿದ್ದೇವೆ.

ಹೋದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬ ಕಲಬುರಗಿಯಲ್ಲಿ ಕಟ್ಟಿಸಲಿರುವ ಮನೆಯ ನಕ್ಷೆಯನ್ನು ಕಳಿಸಿ, ‘ಸರ್, ನಾಲ್ಕು ಎ.ಸಿ. ಸಾಕಾಗಬಹುದೇ?’ ಎಂದು ಕೇಳಿದ್ದ. ಕೆಳಗೆ ಗಾಡಿ ನಿಲ್ಲಿಸುವ ಜಾಗ ಮತ್ತು ಬಾಡಿಗೆಯ ಮನೆ, ನಡುವಿನ ಅಂತಸ್ತಿನಲ್ಲಿ ಗಂಡ ಹೆಂಡತಿ ಮಕ್ಕಳು, ಎಲ್ಲಕ್ಕಿಂತ ಮೇಲೆ ಒಂಟಿ ಕೋಣೆ. ಆ ಕೋಣೆ ಅವನ ತಂದೆಗೆ. ಎಪ್ಪತ್ತೆಂಟು ವರ್ಷದ ಹಿರಿಯರು. ಪೂಜೆ, ಓದಿಗೆ ಏಕಾಂತ ಸಿಗಲೆಂದು ಮಗನ ಒಳ್ಳೆಯ ಮನಸ್ಸಿನ ಏರ್ಪಾಡು. ನಕ್ಷೆಯಲ್ಲಿ ನನಗೆ ಕಂಡದ್ದು ಬೇರೆ: ತಲೆಯ ಮೇಲೆ ಬರಿಯ ಐದು ಇಂಚಿನ ಸ್ಲ್ಯಾಬು, ಪಶ್ಚಿಮಕ್ಕೆ ನಾಲ್ಕೂವರೆ ಇಂಚಿನ ಗೋಡೆ, ಅದರಲ್ಲಿ ಮೊಳಕಾಲಿನಿಂದ ಮೇಲಿನವರೆಗೆ ಗಾಜು, ಗಾಜಿಗೆ ಸಜ್ಜಾ ಇಲ್ಲ. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋದರೆ ಆ ಕೋಣೆ ಅರ್ಧ ತಾಸಿನಲ್ಲಿ ಏನಾದೀತೆಂದು ಅವನಿಗೆ ಬರೆದೆ. ವಯಸ್ಸಾದವರ ಮೈ ಬೇಗ ಬೆವರುವುದಿಲ್ಲ, ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ, ಚರ್ಮಕ್ಕೆ ರಕ್ತ ಹರಿಸಲು ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ರಕ್ತದೊತ್ತಡದ ಕೆಲವು ಗುಳಿಗೆಗಳು ಮೈಯ ನೀರನ್ನು ಇನ್ನಷ್ಟು ಕಳೆಯುತ್ತವೆ. ಬಿಸಿಗಾಳಿಯ ದಿನಗಳಲ್ಲಿ ಬಿಸಿಲಿಗೆ ಹೋಗಿ ಬಿದ್ದವರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಮನೆಯೊಳಗೇ, ರಾತ್ರಿಯೂ ಆರದ ಕೋಣೆಯಲ್ಲಿ, ಹಾಸಿಗೆಯಲ್ಲೇ ಕುಸಿದವರ ಸಾವಿಗೆ ‘ಹೃದಯಾಘಾತ’ವೆಂದು ಹೆಸರಾಗುತ್ತದೆ. ಹುಡುಗ ನಕ್ಷೆಯನ್ನು ತಿದ್ದಿಸಿದ. ತಂದೆಯ ಕೋಣೆ ನೆಲ ಅಂತಸ್ತಿನ ಈಶಾನ್ಯಕ್ಕೆ ಬಂತು. ಬಾಡಿಗೆಯ ಒಂದು ಕೋಣೆ ಕಡಿಮೆಯಾಯಿತು. ಎಂಜಿನಿಯರರಿಗೆ ಸ್ವಲ್ಪ ಅಸಮಾಧಾನವಾಯಿತಂತೆ, ಇರಲಿ. (ವಾಸ್ತುವಿನವರು ಮಾತ್ರ ಈಶಾನ್ಯವೆಂದು ಸಂತೋಷಪಟ್ಟರು ಎಂದೂ ಬರೆದಿದ್ದ!)

ಮಾಳಿಗೆಯ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ನೀವು ನನ್ನ ತರಗತಿಯಲ್ಲಿ ಲೆಕ್ಕ ಮಾಡಿ ಎಷ್ಟು ಕಾಲವಾಯಿತೋ. ಸಾವಿರ ಚದರಡಿಯ ಮಾಳಿಗೆಯೆಂದರೆ ಸುಮಾರು 93 ಚದರ ಮೀಟರ್. ಏಪ್ರಿಲ್ ತಿಂಗಳ ನಡುಹಗಲು, ಮೋಡವಿಲ್ಲದ ಆಕಾಶದಿಂದ ಪ್ರತಿ ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್ ಬಿಸಿಲು ಬೀಳುತ್ತದೆ. ಅಂದರೆ ನಿಮ್ಮ ಮಾಳಿಗೆಯ ಮೇಲೆ 90 ಕಿಲೋವ್ಯಾಟ್. ಈಗ ಎ.ಸಿ.ಯ ಕಡೆಗೆ ಬನ್ನಿ. ‘ಒಂದು ಟನ್’ ಎಂದರೆ ಯಂತ್ರದ ತೂಕವೆಂದು ತಿಳಿದವರಿದ್ದಾರೆ. ಅದು ಅಮೆರಿಕದ ಮಂಜುಗಡ್ಡೆ ವ್ಯಾಪಾರದ ಕಾಲದ ಅಳತೆ. 2,000 ಪೌಂಡ್ ಮಂಜುಗಡ್ಡೆ ಇಪ್ಪತ್ತನಾಲ್ಕು ತಾಸಿನಲ್ಲಿ ಕರಗುವಾಗ ಹೀರುವ ಶಾಖಕ್ಕೆ ಒಂದು ಟನ್ ಎಂದು ಹೆಸರು, ನಮ್ಮ ಅಳತೆಯಲ್ಲಿ ಮೂರೂವರೆ ಕಿಲೋವ್ಯಾಟ್. ಒಂದೂವರೆ ಟನ್ನಿನ ಯಂತ್ರ ಹೊರಹಾಕಬಲ್ಲದ್ದು ಐದೂಕಾಲು ಕಿಲೋವ್ಯಾಟ್. ಮೇಲೆ ತೊಂಬತ್ತು, ಕೆಳಗೆ ಐದೂಕಾಲು! ಬಿದ್ದ ಬಿಸಿಲೆಲ್ಲ ಒಳಗೆ ಇಳಿಯುವುದಿಲ್ಲ, ಬಹುಪಾಲು ಆಕಾಶಕ್ಕೂ ಗಾಳಿಗೂ ಮರಳುತ್ತದೆ ಎಂಬುದು ನಿಜ. ಆದರೂ ಕುಸ್ತಿ ಯಾರ ಯಾರ ನಡುವೆ ನಡೆದಿದೆ ಎಂಬುದು ತಿಳಿಯಿತಲ್ಲ.

ಈ ಕುಸ್ತಿಯನ್ನು ಮಾಳಿಗೆಯ ಮೇಲೆಯೇ ಮುಗಿಸಬೇಕು. ಹಳೆಯದಾದ ಬರಿಯ ಸಿಮೆಂಟಿನ ಮೈ ಬಿಸಿಲಿನ ಮೂರನೆಯ ಒಂದು ಪಾಲನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ. ಹೊಸದಾಗಿ ಬಳಿದ ಬಿಳಿಯ ಸುಣ್ಣವು ಮುಕ್ಕಾಲು ಪಾಲಿನಷ್ಟನ್ನು ಕಳಿಸುತ್ತದೆ. ಅಷ್ಟೇ ವ್ಯತ್ಯಾಸ, ಆದರೆ ಒಳಗೆ ಉಳಿಯುವ ಶಾಖ ಅರ್ಧಕ್ಕಿಂತ ಕಡಿಮೆಯಾಯಿತು. ಖರ್ಚು ಮಾಡಬಲ್ಲವರು ಬಿಳಿಯ ಚೂರು ಟೈಲ್ಸ್ ಕೂಡಿಸಬಹುದು. ಹೊಸದಾಗಿ ಕಟ್ಟುವವರು ಲಾರಿ ಬೇಕರ್ ಅವರು ಕೇರಳದಲ್ಲಿ ಬಳಕೆಗೆ ತಂದಂತೆ, ಸ್ಲ್ಯಾಬಿನ ಕೆಳಭಾಗದಲ್ಲಿ ಮಂಗಳೂರು ಹಂಚುಗಳನ್ನು ಕೂಡಿಸಿ ಕಾಂಕ್ರೀಟು ಹಾಕಿಸಬಹುದು. ಸಿಮೆಂಟೂ ಉಳಿಯುತ್ತದೆ, ಹಂಚಿನ ಪೊಳ್ಳಿನಲ್ಲಿ ನಿಂತ ಗಾಳಿ ಬಿಸಿಲನ್ನು ತಡೆಯುತ್ತದೆ. ಸೋಲಾರ್ ಫಲಕ ಹಾಕಿಸಿದವರಿಗೆ ವಿದ್ಯುತ್ತಿನ ಜೊತೆಗೆ ನೆರಳು ಪುಕ್ಕಟೆ. ಕಿಟಕಿಗೆ ಒಳಗಿನಿಂದ ಪರದೆ ಕಟ್ಟುವುದರಲ್ಲಿ ಅಷ್ಟು ಅರ್ಥವಿಲ್ಲ. ಗಾಜನ್ನು ದಾಟಿ ಬಂದ ಬಿಸಿಲು ಆಗಲೇ ಒಳಗಿನ ಅತಿಥಿ. ಸಜ್ಜಾ, ಬಿದಿರಿನ ತಟ್ಟಿ, ಒಂದು ಬೇವಿನ ಮರ ಇವು ಅವನನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತವೆ. ಇದಾದ ಮೇಲೆ ಯಂತ್ರದ ಮಾತು.

ಫ್ಯಾನಿನ ವಿಷಯ ಬಹಳ ಬೆಳೆಸುವಂಥದ್ದಲ್ಲ. ಅದು ಕೋಣೆಯನ್ನು ತಂಪು ಮಾಡುವುದಿಲ್ಲ, ನಮ್ಮ ಬೆವರನ್ನು ಆರಿಸುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಶುದ್ಧ ದಂಡ. ಹಳೆಯ ಫ್ಯಾನು 75 ವ್ಯಾಟ್ ತಿನ್ನುವಲ್ಲಿ ಈಗಿನ ಬಿ.ಎಲ್.ಡಿ.ಸಿ. ಫ್ಯಾನು 30 ವ್ಯಾಟ್ ಸುಮಾರಿನಲ್ಲಿ ಅದೇ ಗಾಳಿ ಕೊಡುತ್ತದೆ. 2023ರ ಜನವರಿಯಿಂದ ಫ್ಯಾನುಗಳಿಗೂ ನಕ್ಷತ್ರದ ಗುರುತು ಕಡ್ಡಾಯವಾಗಿದೆ, ನೋಡಿ ಕೊಳ್ಳಿ. ಕೋಣೆಯ ಉಷ್ಣತೆ 40 ಡಿಗ್ರಿ ದಾಟಿದ ಮೇಲೆ ಮಾತ್ರ ಫ್ಯಾನನ್ನು ನಂಬಬೇಡಿ. ಅದು ಬಿಸಿಯನ್ನೇ ಮೈಗೆ ತಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಸಿದೆ. ಆಗ ಒದ್ದೆ ಬಟ್ಟೆ, ತಣ್ಣೀರಿನಲ್ಲಿ ಅದ್ದಿದ ಪಂಚೆ ಮೈಮೇಲಿರಬೇಕು.

ಕೂಲರಿನ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಹೇಳಲೇಬೇಕು. ನಮ್ಮ ಸೀಮೆಗೆ ಅದಕ್ಕಿಂತ ಒಪ್ಪುವ ಸಾಧನ ಇನ್ನೊಂದಿಲ್ಲ, ಅದನ್ನು ತಪ್ಪಾಗಿ ಬಳಸುವ ಸೀಮೆಯೂ ಇನ್ನೊಂದಿಲ್ಲ. ಮಡಕೆಯ ನೀರು ತಣ್ಣಗಾಗುವ ತತ್ತ್ವವೇ ಇಲ್ಲೂ ಇರುವುದು. ಒಂದು ಲೀಟರ್ ನೀರು ಆವಿಯಾಗುವಾಗ ಗಾಳಿಯಿಂದ ಹೀರುವ ಶಾಖ ಸುಮಾರು 2,400 ಕಿಲೋಜೂಲ್, ಮೂರನೇ ಎರಡು ಯೂನಿಟ್ ವಿದ್ಯುತ್ತಿಗೆ ಸಮ. ಒಣಹವೆಯ ಕಲಬುರಗಿ, ರಾಯಚೂರಿನಲ್ಲಿ ನೀರು ಚುರುಕಾಗಿ ಆವಿಯಾಗುತ್ತದೆ. ಹವೆಯೇ ತೊಯ್ದಿರುವ ಮಂಗಳೂರಿನಲ್ಲಿ ಕೂಲರ್ ಇಟ್ಟರೆ ಹಬೆಯ ಮನೆಯಾದೀತು. ಕೂಲರಿಗೆ ತೆರೆದ ಕಿಟಕಿ ಬೇಕು. ಅದು ಹೊರಗಿನ ಒಣ ಗಾಳಿಯನ್ನು ಎಳೆದು, ತೇವಗೊಳಿಸಿ ಒಳಗೆ ನೂಕುತ್ತದೆ. ಒಳಗಿನ ತೇವದ ಗಾಳಿ ಇನ್ನೊಂದು ಕಡೆಯಿಂದ ಹೊರಹೋಗಬೇಕು. ನಮ್ಮವರು ಎ.ಸಿ.ಯ ಅಭ್ಯಾಸದಲ್ಲಿ ಕೂಲರನ್ನೂ ಕೋಣೆಯ ನಡುವೆ ಇಟ್ಟು, ಬಾಗಿಲು ಹಾಕಿ, ಒಂದು ತಾಸಿನ ಮೇಲೆ ‘ಮೈ ಅಂಟಂಟು’ ಎಂದು ಬೈಯುತ್ತಾರೆ! ಕಿಟಕಿಗೆ ಹೊರಗಿನಿಂದ ಕೂಡಿಸಿ, ಎದುರಿನ ಬಾಗಿಲನ್ನು ಅರ್ಧ ತೆರೆಯಿರಿ. ತಂಪೂ ಹೊಸ ಗಾಳಿಯೂ ಒಟ್ಟಿಗೆ ಬರುವ ಸಾಧನ ಇದೊಂದೇ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ, ತಿಕ್ಕಿ ಒಣಗಿಸುವುದನ್ನು ಮರೆಯಬೇಡಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲಿಯೇ.

ಈಗ ಮುಚ್ಚಿದ ಕೋಣೆಯ ಲೆಕ್ಕ. ಹತ್ತು ಅಡಿ, ಹನ್ನೆರಡು ಅಡಿ, ಎತ್ತರ ಹತ್ತಡಿ. ಇದರಲ್ಲಿ ಹಿಡಿಯುವ ಗಾಳಿ ಸುಮಾರು 34,000 ಲೀಟರ್. ಒಳಗೆ ಗಂಡ, ಹೆಂಡತಿ, ಒಂದು ಮಗು. ನಿದ್ದೆಯಲ್ಲಿ ಮೂವರೂ ಸೇರಿ ತಾಸಿಗೆ ಸುಮಾರು 30 ಲೀಟರ್ ಇಂಗಾಲದ ಡೈ ಆಕ್ಸೈಡನ್ನು ಉಸಿರಿನಲ್ಲಿ ಬಿಡುತ್ತಾರೆ. ಎಂಟು ತಾಸಿಗೆ 240 ಲೀಟರ್. ಕೋಣೆ ಕಿಂಚಿತ್ತೂ ಸೋರದಿದ್ದರೆ ಬೆಳಗಾಗುವಷ್ಟರಲ್ಲಿ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಏಳು ಸಾವಿರ ಪಾಲು ಅದೇ. ಹೊರಗಿನ ಗಾಳಿಯಲ್ಲಿ ಅದು ಸುಮಾರು 425. ನಿಜವಾದ ಕೋಣೆಗಳು ಬಾಗಿಲ ಸಂದಿಯಿಂದ ಅಷ್ಟಿಷ್ಟು ಸೋರುವುದರಿಂದ ಎರಡು ಮೂರು ಸಾವಿರಕ್ಕೆ ನಿಲ್ಲುತ್ತದೆ. ಇದರಿಂದ ಯಾರೂ ಸಾಯುವುದಿಲ್ಲ, ಹೆದರಿಸುವ ಉದ್ದೇಶ ನನಗಿಲ್ಲ. ಆದರೆ ಅದು ಒಂದು ಅಳತೆಗೋಲು. ಆ ಅನಿಲ ಹೊರಹೋಗಿಲ್ಲವೆಂದರೆ ಮೂವರಲ್ಲೊಬ್ಬರ ನೆಗಡಿಯ ವೈರಾಣು, ಹೊಸ ಪ್ಲೈವುಡ್ಡಿನ ಕಪಾಟಿನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್, ಹಾಸಿಗೆಯ ಧೂಳು, ಯಾವುದೂ ಹೊರಹೋಗಿಲ್ಲವೆಂದೇ ಅರ್ಥ. ಬೆಳಿಗ್ಗೆ ತಲೆ ಭಾರ, ಬಾಯಿ ಒಣಗು, ಎದ್ದರೂ ಏಳಲಾಗದ ಆಲಸ್ಯ ಇವುಗಳಿಗೆಲ್ಲ ವೈದ್ಯರನ್ನು ಕಾಣುವ ಮೊದಲು ಒಂದು ವಾರ ಕಿಟಕಿಯನ್ನು ಕಂಡು ಬನ್ನಿ. ಉಬ್ಬಸದ ಮಗುವಿದ್ದರೆ ವೈದ್ಯರನ್ನೂ ಕಾಣಿ, ಕಿಟಕಿಯನ್ನೂ ಕಾಣಿ.

ಅದೇ ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿದರಂತೂ ಮುಗಿಯಿತು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಹೊಮ್ಮುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳಷ್ಟು ಎಂದು ಅಳೆದಿತ್ತು. ಸಿಗರೇಟು ಸೇದುವ ಬೀಗನನ್ನು ಅಂಗಳಕ್ಕೆ ಕಳಿಸುವ ಮನೆಗಳಲ್ಲಿ ಮಗುವಿನ ತೊಟ್ಟಿಲ ಕೆಳಗೆ ಬತ್ತಿ ಉರಿಯುವುದನ್ನು ಕಂಡಿದ್ದೇನೆ. ಸೊಳ್ಳೆಪರದೆಗೆ ಹೊಗೆಯೂ ಇಲ್ಲ, ಬಿಲ್ಲೂ ಇಲ್ಲ. ಊದುಬತ್ತಿಯ ಮಾತೆತ್ತಿದರೆ ನಮ್ಮ ಅಕ್ಕ ಸಿಟ್ಟಾಗುತ್ತಾಳೆ. ದೇವರಿಗೆ ಒಂದು ಸಾಕು, ಕಟ್ಟು ಬೇಡ, ಕಿಟಕಿ ತೆರೆದಿರಲಿ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಗ್ಯಾಸಿನ ಒಲೆಯಿಂದಲೂ ಸಾರಜನಕದ ಡೈ ಆಕ್ಸೈಡ್ ಬರುತ್ತದೆ, ಮೆಣಸಿನಕಾಯಿಯ ಒಗ್ಗರಣೆಯ ಘಾಟಿನ ವಿಷಯ ನಿಮಗೇ ಗೊತ್ತು. ಅಡುಗೆಮನೆಯ ಚಿಮಣಿ ಕೊಳ್ಳುವಾಗ ಅದರ ಕೊಳವೆ ಗೋಡೆಯಾಚೆ ಹೋಗಿದೆಯೇ ನೋಡಿ. ಇದ್ದಿಲಿನಲ್ಲಿ ಸೋಸಿ ಮತ್ತೆ ಒಳಗೇ ಬಿಡುವಂಥದ್ದು ಬಿಸಿಯನ್ನೂ ಅನಿಲವನ್ನೂ ಹೊರಹಾಕುವುದಿಲ್ಲ. ಸಾದಾ ಎಗ್ಸಾಸ್ಟ್ ಫ್ಯಾನು ಅದಕ್ಕಿಂತ ಮೇಲು. ಗ್ಯಾಸ್ ಗೀಸರನ್ನು ಸ್ನಾನದ ಮನೆಯೊಳಗೆ ಖಂಡಿತ ಇಡಬೇಡಿ. ಬಾಗಿಲು ಹಾಕಿದ ಸಣ್ಣ ಸ್ನಾನದ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಎಚ್ಚರಿಕೆಯಿಲ್ಲ. ಇನ್ನು ಕೋಣೆಯಲ್ಲಿಟ್ಟ ಸಸಿಗಳು ಗಾಳಿಯನ್ನು ಶುದ್ಧಿ ಮಾಡುತ್ತವೆಂಬ ನಂಬಿಕೆ 1989ರ ನಾಸಾ ಪ್ರಯೋಗವೊಂದರಿಂದ ಹಬ್ಬಿದ್ದು. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ಮನೆಯಲ್ಲಿ ಅಷ್ಟೇ ಪರಿಣಾಮ ಬರಬೇಕಾದರೆ ನಿಮಗೆ ಕೂರಲು ಜಾಗ ಉಳಿಯುವುದಿಲ್ಲ. ಸಸಿ ಕಣ್ಣಿಗೆ ಹಿತ, ಇಡಿ.

ಎ.ಸಿ. ಬೇಡವೇ? ಬೇಕಾದವರಿಗೆ ಬೇಕು. ರಾತ್ರಿಯೂ 32 ಡಿಗ್ರಿಗೆ ಇಳಿಯದ ದಿನಗಳಲ್ಲಿ ವೃದ್ಧರಿಗೆ, ಹೃದಯದ ರೋಗಿಗಳಿಗೆ, ಬಾಣಂತಿ ಕೂಸುಗಳಿಗೆ ಅದು ಸುಖದ ಸಾಧನವಲ್ಲ, ಔಷಧ. ಕರಾವಳಿಯ ನೆಂಟರಿಗೆ ಬೆವರೇ ಆರದ ಹವೆಯಲ್ಲಿ ತೇವವನ್ನು ಹಿಂಡುವ ಯಂತ್ರ ಬೇರೊಂದಿಲ್ಲ. ಔಷಧವಾದ್ದರಿಂದಲೇ ಅದಕ್ಕೂ ಪ್ರಮಾಣ, ಪಥ್ಯ ಇವೆ. 2020ರ ಜನವರಿ 1ರಿಂದ ಹೊಸ ಎ.ಸಿ.ಗಳು 24 ಡಿಗ್ರಿಯಲ್ಲಿ ತಾವಾಗಿ ಆರಂಭವಾಗಬೇಕೆಂಬ ನಿಯಮ ಬಂದಿದೆ. ರಿಮೋಟು ಕೈಗೆ ಸಿಕ್ಕ ಕೂಡಲೇ 18ಕ್ಕೆ ಇಳಿಸಿ, ಮೇಲೆ ರಗ್ಗು ಹೊದೆಯುವವರನ್ನು ಏನೆನ್ನೋಣ? ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. 26ಕ್ಕೆ ಇಟ್ಟು ಫ್ಯಾನನ್ನು ಮೆಲ್ಲಗೆ ತಿರುಗಿಸಿದರೆ ರಗ್ಗೂ ಬೇಡ. ಜಾಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಮಲಗುವ ಮುಂಚೆ ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದು, ಆಮೇಲೆಯೂ ಒಂದು ಕಿಟಕಿಯನ್ನು ಬೆರಳಿನಷ್ಟು ಬಿಡಿ.

‘ತಂಪು ಹೋಗುತ್ತದಲ್ಲ’ ಎಂದು ಕೂಡಲೇ ಆಕ್ಷೇಪಣೆ ಬರುತ್ತದೆ. ಎಷ್ಟು ಹೋಗುತ್ತದೆ? ಮೂವರಿಗೆ ಸೆಕೆಂಡಿಗೆ 20 ಲೀಟರ್ ಹೊಸ ಗಾಳಿ ಧಾರಾಳ. ಹೊರಗೆ ಒಳಗಿಗಿಂತ ಹತ್ತು ಡಿಗ್ರಿ ಹೆಚ್ಚಿದ್ದರೂ ಅಷ್ಟು ಗಾಳಿಯನ್ನು ತಣಿಸಲು ಬೇಕಾದದ್ದು ಕಾಲು ಕಿಲೋವ್ಯಾಟಿನಷ್ಟು ತಂಪು. ನಿಮ್ಮ ಒಂದೂವರೆ ಟನ್ನಿನ ಯಂತ್ರದ ಶಕ್ತಿಯಲ್ಲಿ ಇಪ್ಪತ್ತರಲ್ಲೊಂದು ಪಾಲು. ತೇವದ ಕರಾವಳಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಸುಣ್ಣ ಕಾಣದ ಮಾಳಿಗೆಯಿಂದ ಇಳಿಯುವ ಬಿಸಿಗೆ ಹೋಲಿಸಿದರೆ ಇದು ಯಾವ ಲೆಕ್ಕ? ದಿಲ್ಲಿ, ಗುರುಗ್ರಾಮದಲ್ಲಿರುವ ನಮ್ಮ ಹುಡುಗರಿಗೆ ಮಾತ್ರ ಈ ಸಲಹೆ ನವೆಂಬರಿನಲ್ಲಿ ಒಪ್ಪುವುದಿಲ್ಲ, ಅಲ್ಲಿ ಹೊರಗಿನ ಗಾಳಿಯೇ ಹೊಗೆ. ಅವರು ಶುದ್ಧಕಾರಿ ಯಂತ್ರ ಇಟ್ಟುಕೊಳ್ಳಲಿ. ಆದರೆ ಅದು ಕಣಗಳನ್ನು ಹಿಡಿದೀತು, ನಾವು ಬಿಟ್ಟ ಉಸಿರನ್ನು ಹಿಡಿಯದು ಎಂಬುದು ನೆನಪಿರಲಿ. ಮಧ್ಯಾಹ್ನ ಗಾಳಿ ತುಸು ತಿಳಿಯಾದಾಗ ಅವರೂ ಸ್ವಲ್ಪ ಹೊತ್ತು ಕಿಟಕಿ ತೆರೆಯಬೇಕಾದವರೇ.

ದುಡ್ಡಿನ ಮಾತೂ ಇದೆ. ರಾತ್ರಿ ಎಂಟು ತಾಸು ಓಡುವ ಒಂದು ಎ.ಸಿ. ತಾಸಿಗೊಂದು ಯೂನಿಟ್ ತಿಂದರೂ ತಿಂಗಳಿಗೆ 240. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ 200 ಯೂನಿಟ್ಟಿನ ಗೆರೆಯನ್ನು ಒಂದೇ ಯಂತ್ರ ದಾಟಿಸುತ್ತದೆ, ದಾಟಿದರೆ ಪೂರ್ತಿ ಬಿಲ್ಲು ತಲೆಯ ಮೇಲೆ. ಅದು ಹೋಗಲಿ, ಇದ್ದವರು ಕಟ್ಟುತ್ತಾರೆ. ಎ.ಸಿ.ಯ ಹೊರಭಾಗ ಊದುವ ಬಿಸಿ ಎಲ್ಲಿಗೆ ಹೋಗುತ್ತದೆ? ಸಂದಿಯಾಚೆಯ ತಗಡಿನ ಮನೆಯ ಕಿಟಕಿಗೆ. ಆ ತಗಡಿನ ಕೆಳಗೆ ಮಲಗಿದವರು ಹಗಲೆಲ್ಲ ಬಿಸಿಲಿನಲ್ಲಿ ದುಡಿದು ಬಂದವರು. ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ಬೇಸಗೆಯಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಎಂದು ವೇಳೆ ಬದಲಿಸುವ ಪದ್ಧತಿ ಬಹಳ ವರ್ಷಗಳಿಂದ ಇದೆ, ಒಳ್ಳೆಯದೇ. ಗಾರೆ ಕೆಲಸದವನ ವೇಳೆಯನ್ನು ಬದಲಿಸುವವರು ಯಾರು? ಅವನ ಮನೆಯ ತಗಡಿಗೆ ಬಿಳಿಯ ಬಣ್ಣ ಬಳಿಯುವವರು ಯಾರು? 2010ರ ಬಿಸಿಗಾಳಿಯಲ್ಲಿ ಬೆಂದ ಅಹಮದಾಬಾದ್ ನಗರವು 2013ರಲ್ಲಿ ಬಿಸಿಲಿನ ಕ್ರಿಯಾಯೋಜನೆ ಮಾಡಿ, ಮುಂದೆ ಬಡವರ ಮಾಳಿಗೆಗಳಿಗೆ ಬಿಳಿ ಬಳಿಯುವ ಕೆಲಸವನ್ನೂ ಅದರಲ್ಲಿ ಸೇರಿಸಿತು. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಪ್ರತ್ಯೇಕ ನೀತಿಯನ್ನು ಹೊರತಂದಿತು. ಕಲ್ಯಾಣ ಕರ್ನಾಟಕದ ಪ್ರತಿಯೊಂದು ಸರ್ಕಾರಿ ಶಾಲೆಯ, ಅಂಗನವಾಡಿಯ ಮಾಳಿಗೆಗೆ ಪ್ರತಿವರ್ಷ ಬೇಸಗೆಗೆ ಮುನ್ನ ಸುಣ್ಣ ಬಳಿಯಬೇಕೆಂದು ಒಂದು ಸುತ್ತೋಲೆ ಹೊರಟರೆ ಖಜಾನೆ ಬರಿದಾಗದು. ನಿಮ್ಮಲ್ಲಿ ಕೆಲವರು ಈಗ ಅಧಿಕಾರದ ಕುರ್ಚಿಗಳಲ್ಲಿ ಇದ್ದೀರಿ. ಮಾರ್ಚಿ ತಿಂಗಳ ಪರೀಕ್ಷೆಯಲ್ಲಿ ಆ ಮಾಳಿಗೆಗಳ ಕೆಳಗೆ ಬೆವರಿನಿಂದ ಉತ್ತರಪತ್ರಿಕೆಯನ್ನು ಒದ್ದೆ ಮಾಡಿಕೊಂಡವರೂ ನೀವೇ.

ಸ್ವಂತ ಮಾಳಿಗೆ ಇರುವವರು ಸುತ್ತೋಲೆಗೆ ಕಾಯಬೇಕಿಲ್ಲ. ಫೆಬ್ರವರಿ ಕೊನೆಯ ವಾರ ಇದಕ್ಕೆ ತಕ್ಕ ಕಾಲ. ಮಾಳಿಗೆಯನ್ನು ಗುಡಿಸಿ, ತೊಳೆದು, ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ. ಸುಟ್ಟ ಸುಣ್ಣವನ್ನು ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನಲ್ಲಿ ನೀರು ಹಾಕಿ ಅರಳಿಸಿ, ಮಕ್ಕಳನ್ನು ದೂರವಿಡಿ. ಅದು ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ಕಿನ ಬಕೇಟು ತಾಳುವುದಿಲ್ಲ. ಮರುದಿನ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಬಿಳಿ ಸಿಮೆಂಟನ್ನೂ ಅಂಗಡಿಯಲ್ಲಿ ಸಿಗುವ ಅಂಟನ್ನೂ ಬೆರೆಸಿ. ನೆಲವನ್ನು ತೇವ ಮಾಡಿಕೊಂಡು ಸಂಜೆಯ ಹೊತ್ತು ಉದ್ದ ಹಿಡಿಯ ಬ್ರಷ್ಷಿನಿಂದ ಅಡ್ಡಕ್ಕೆ ಒಂದು ಸಲ, ಅದು ಆರಿದ ಮೇಲೆ ಉದ್ದಕ್ಕೆ ಒಂದು ಸಲ ಬಳಿಯಿರಿ. ಮಳೆಗಾಲದಲ್ಲಿ ಅರ್ಧ ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಮಾಳಿಗೆಯ ನೀರನ್ನು ತೊಟ್ಟಿಗೆ ಹಿಡಿಯುವವರು ಮೊದಲ ಒಂದೆರಡು ಮಳೆಯನ್ನು ಹೊರಗೆ ಬಿಡಲಿ. ಬಳಿಯುವವರ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು ಇರಲೇಬೇಕು. ಸುಣ್ಣದ ಒಂದು ಹನಿ ಕಣ್ಣಿಗೆ ಸಿಡಿದರೂ ಹದಿನೈದು ನಿಮಿಷ ತಣ್ಣೀರಿನಲ್ಲಿ ತೊಳೆದು, ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.